ಇಳಿದು ನೋಡಿದ ಚನ್ನಪಟ್ಟಣ

ಬೆಂಗಳೂರಿನಿಂದ ಮೈಸೂರಿಗೆ ಈ ನಲವತ್ತು ವರ್ಷಗಳಲ್ಲಿ ಎಷ್ಟು ಸಲ ಹೋಗಿಬಂದಿದ್ದೇನೋ, ಲೆಕ್ಕ ಇಟ್ಟಿಲ್ಲ. ಮದುವೆ, ಮುಂಜಿ, ನಾಮಕರಣ, ತಿಥಿ, ದಸರಾ, ಯಾವುದನ್ನೂ ತಪ್ಪಿಸಿದವಳಲ್ಲ. ಆದರೆ ದಾರಿಯಲ್ಲಿ ಸಿಗುವ ಊರುಗಳನ್ನು ನಾನು ನೋಡಿದ್ದೆಲ್ಲ ಕಿಟಕಿಯಿಂದಲೇ. ಬಿಡದಿ ಅಂದರೆ ತಟ್ಟೆ ಇಡ್ಲಿ, ರಾಮನಗರ ಅಂದರೆ ರೇಷ್ಮೆಗೂಡಿನ ವಾಸನೆ, ಚನ್ನಪಟ್ಟಣ ಅಂದರೆ ಬೊಂಬೆ, ಮದ್ದೂರು ಅಂದರೆ ವಡೆ. ಶಾಲೆಯಲ್ಲಿ ಮಕ್ಕಳಿಗೆ ಹೊಂದಿಸಿ ಬರೆಯಿರಿ ಅಂತ ಕೊಡುತ್ತೇವಲ್ಲ, ಹಾಗೆ. ಅದರಾಚೆ ಆ ಊರುಗಳಲ್ಲಿ ಏನಿದೆ ಅಂತ ಇಳಿದು ನೋಡಿದ್ದಿಲ್ಲ.

ಇಳಿಯುವುದು ಅಂದರೆ ಸುಮ್ಮನೆ ಮಾತೇ? ಅರ್ಧ ದಾರಿಯಲ್ಲಿ ಇಳಿದರೆ ಟಿಕೆಟ್ಟಿನ ದುಡ್ಡು ಹೋಯಿತು, ಸೀಟು ಹೋಯಿತು, ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕು. ಜೊತೆಗೆ ನಮ್ಮವರ ಗೊಣಗಾಟ ಬೇರೆ. ಈಗ ನೋಡಿ, ಹೆಂಗಸರಿಗೆ ಅನುಕೂಲ ಆಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಶೂನ್ಯ ಅಂತ ಬರೆದ ಚೀಟಿ ಕೊಡುತ್ತಾರೆ. ಬೇಕಾದಲ್ಲಿ ಇಳಿ, ಬೇಕಾದಾಗ ಹತ್ತು. ಕೆಂಪು ಬಸ್ಸೇ ಆಗಬೇಕು ಅಷ್ಟೆ.

ಇತ್ತೀಚೆಗೆ ನಮ್ಮ ಮೊಮ್ಮಗಳ ನಾಮಕರಣ ಮೈಸೂರಿನಲ್ಲಿತ್ತು. ಸೊಸೆಯ ತವರು ಅಲ್ಲಿ. ಗಂಡಸರಿಬ್ಬರು, ಅಂದರೆ ನಮ್ಮವರು ಮತ್ತು ನಮ್ಮ ಭಾವನವರು, ಹಿಂದಿನ ದಿನವೇ ಕಾರಿನಲ್ಲಿ ಹೊರಟರು. ಹೊಸ ಹೆದ್ದಾರಿ ಇದೆಯಲ್ಲ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು, 118 ಕಿಲೋಮೀಟರು, ಅದರಲ್ಲಿ. "ಒಂದೂವರೆ ಗಂಟೆಗೆ ಮೈಸೂರು, ನೀವೂ ಬನ್ನಿ" ಅಂದರು. ಅಕ್ಕ ಒಪ್ಪಲಿಲ್ಲ. ಅಕ್ಕ ಅಂದರೆ ನನ್ನ ಓರಗಿತ್ತಿ, ಭಾವನವರ ಹೆಂಡತಿ. "ಮಗೂಗೆ ಬೊಂಬೆ ತಗೋಬೇಕು. ಆ ರಸ್ತೇಲಿ ಹೋದ್ರೆ ಚನ್ನಪಟ್ಟಣ ಎಲ್ಲಿ ಸಿಗತ್ತೆ? ನಾವಿಬ್ಬರೂ ಬಸ್ಸಲ್ಲಿ ಬರ್ತೀವಿ, ಸಂಜೆ ಹೊತ್ತಿಗೆ ತಲುಪ್ತೀವಿ" ಅಂದುಬಿಟ್ಟರು. ಎಪ್ಪತ್ತು ದಾಟಿದವರು, ಮಂಡಿ ನೋವು ಬೇರೆ. ಆದರೆ ಅಕ್ಕ ಒಂದು ಸಲ ಅಂದರೆ ಮುಗಿಯಿತು. ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತು.

ಬೆಳಿಗ್ಗೆ ಏಳಕ್ಕೆ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದೆವು. ಹಳೇ ರಸ್ತೆಯಲ್ಲಿ, ಊರೂರಲ್ಲಿ ನಿಲ್ಲಿಸಿಕೊಂಡು ಹೋಗುವ ಬಸ್ಸು. ಬಿಡದಿಯಲ್ಲಿ ಇಡ್ಲಿಗೆ ನಿಲ್ಲಿಸುತ್ತಾನೇನೋ ಅಂತ ಆಸೆಪಟ್ಟೆ, ನಿಲ್ಲಿಸಲಿಲ್ಲ. ರಾಮನಗರ ಬರುವಾಗ ಬಂಡೆಗಳ ಬೆಟ್ಟ ಕಂಡಿತು. 1975ರಲ್ಲಿ ತೆರೆಗೆ ಬಂದ 'ಶೋಲೆ' ಚಿತ್ರಕ್ಕೆ ಇಲ್ಲೇ ರಾಮದೇವರ ಬೆಟ್ಟದಲ್ಲಿ ಶೂಟಿಂಗ್ ನಡೆದದ್ದು. 2012ರಿಂದ ಅದು ರಣಹದ್ದುಗಳ ರಕ್ಷಿತ ತಾಣ. ಈ ಊರಿಗೆ ಹೆಸರು ಬದಲಾಯಿಸುವುದು ಅಭ್ಯಾಸ ಅಂತ ಕಾಣುತ್ತದೆ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ ಆಗಿತ್ತು, ಆಮೇಲೆ ರಾಮನಗರ ಆಯಿತು. 2007ರಲ್ಲಿ ಇದೇ ಹೆಸರಿನ ಜಿಲ್ಲೆಯೂ ಆಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಕನಕಪುರ, ಮಾಗಡಿ, ಚನ್ನಪಟ್ಟಣ ಎಲ್ಲ ಅದರಲ್ಲೇ. "ಹಾಗಾದ್ರೆ ನಾವಿನ್ನೂ ಬೆಂಗಳೂರು ಬಿಟ್ಟೇ ಇಲ್ಲ ಅನ್ನು" ಅಂತ ಅಕ್ಕ ನಕ್ಕರು.

ಕೆಂಗಲ್ ಆಂಜನೇಯನಿಗೆ ಕೂತಲ್ಲಿಂದಲೇ ಕೈ ಮುಗಿದದ್ದಾಯಿತು. ಚನ್ನಪಟ್ಟಣ ಬಸ್ ನಿಲ್ದಾಣ ಬಂತು. ನಾನು ಚೀಲ ತಗೊಂಡು ಏಳುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದು ಕೂರಿಸಿದರು. "ಇಲ್ಲಲ್ಲ ಕಣೇ. ಮೊದಲು ಮಳೂರಲ್ಲಿ ಇಳಿಯೋಣ."

ನನಗೆ ಒಂದು ಕ್ಷಣ ಉಸಿರು ನಿಂತ ಹಾಗಾಯಿತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚನ್ನಪಟ್ಟಣ ದಾಟಿ ಮೂರು ನಾಲ್ಕು ಕಿಲೋಮೀಟರಿಗೆ, ಹಳೇ ಮೈಸೂರು ರಸ್ತೆಯ ಮೇಲೆಯೇ ದೊಡ್ಡಮಳೂರು. ಅಲ್ಲಿ ಅಪ್ರಮೇಯಸ್ವಾಮಿಯ ದೇವಸ್ಥಾನ, ಅದರ ಒಳಗೆ ಅಂಬೆಗಾಲು ಕೃಷ್ಣ. ಮಕ್ಕಳಿಲ್ಲದವರು ಅಲ್ಲಿ ಹರಕೆ ಹೊತ್ತುಕೊಳ್ಳುತ್ತಾರೆ, ಮಗುವಾದ ಮೇಲೆ ಬಂದು ತೊಟ್ಟಿಲು ಒಪ್ಪಿಸುತ್ತಾರೆ. 1986ರಲ್ಲಿ ನಮ್ಮ ಅತ್ತೆ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ನನಗೆ ಮದುವೆಯಾಗಿ ಒಂದು ವರ್ಷ, ಅಕ್ಕನಿಗೆ ಎಂಟು ವರ್ಷ. ಹರಕೆ ಅಕ್ಕನಿಗೋಸ್ಕರ. ಅತ್ತೆ ಸೆರಗೊಡ್ಡಿ, "ನಮ್ಮನೇಲಿ ತೊಟ್ಟಿಲು ಕಟ್ಟೋ ಹಾಗೆ ಮಾಡಪ್ಪ, ಬೆಳ್ಳಿ ತೊಟ್ಟಿಲು ಒಪ್ಪಿಸ್ತೀನಿ" ಅಂತ ಬೇಡಿಕೊಂಡರು. ಮರುವರ್ಷವೇ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ನನ್ನ ಮಗನಿಗೆ. ಅಕ್ಕನಿಗೆ ಆಗಲೇ ಇಲ್ಲ.

ಹರಕೆ ತೀರಿಸೋಣ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಅತ್ತೆಯೂ ಮಾತೆತ್ತಲಿಲ್ಲ. 1994ರಲ್ಲಿ ಅವರೂ ಹೋದರು. ಅಲ್ಲಿಂದ ಇಲ್ಲಿಯವರೆಗೆ ಮೈಸೂರಿಗೆ ಹೋಗುವಾಗಲೆಲ್ಲ ಮಳೂರು ಬಂದರೆ ಬಸ್ಸಿನಲ್ಲಿರುವವರೆಲ್ಲ ಕೈ ಮುಗಿಯುತ್ತಿದ್ದರು. ಅಕ್ಕ ಮಾತ್ರ ಆ ಹೊತ್ತಿಗೆ ಸರಿಯಾಗಿ ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕುತ್ತಿದ್ದರು. ನಾನು ಇನ್ನೊಂದು ಕಡೆ ಮುಖ ತಿರುಗಿಸಿ, ಅಡಿಗೆಯದೋ ಅಂಗಡಿಯದೋ ಏನೋ ಒಂದು ಮಾತು ತೆಗೆಯುತ್ತಿದ್ದೆ. ನಾನು ಶಾಲೆಯಲ್ಲಿ ಮೇಡಂ ಆಗಿದ್ದವಳು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆ ಐದಕ್ಕೆ ಬರುವುದು. ಮಗನನ್ನು ಎತ್ತಿ ಆಡಿಸಿ, ಊಟ ಮಾಡಿಸಿ, ಜ್ವರ ಬಂದರೆ ರಾತ್ರಿ ಕೂತು ಬೆಳೆಸಿದವರು ಅವರು. ಅವನಿಗೆ ಹಸಿವಾದರೆ ಈಗಲೂ ಬಾಯಿಗೆ ಬರುವುದು "ದೊಡ್ಡಮ್ಮಾ" ಅಂತ.

ಮಳೂರಲ್ಲಿ ಇಳಿದೆವು. ಬಿಸಿಲು ಏರಿರಲಿಲ್ಲ. ದೇವಸ್ಥಾನ ಚೋಳರ ಕಾಲದ್ದು ಅಂತಾರೆ, ಅಂದರೆ ಸಾವಿರ ವರ್ಷದ ಹತ್ತಿರ. ಒಳಗೆ ಕಾಲಿಟ್ಟರೆ ಕಲ್ಲಿನ ತಂಪು ಅಂಗಾಲಿಗೆ ತಾಗುತ್ತದೆ. ಎದುರಿಗೆ ಅಪ್ರಮೇಯಸ್ವಾಮಿ, ಅವನ ಪಕ್ಕಕ್ಕೆ ಅರವಿಂದವಲ್ಲಿ ಅಮ್ಮನವರು. ಆದರೆ ಬರುವವರಲ್ಲಿ ಹೆಚ್ಚಿನವರು ನೇರ ನಡೆಯುವುದು ಕೃಷ್ಣನ ಗುಡಿಗೇ. ಪಾಪ, ದೊಡ್ಡ ಸ್ವಾಮಿಯ ಮನೆಯಲ್ಲಿ ಪುಟ್ಟ ಮಗುವಿಗೇ ಎಲ್ಲ ಉಪಚಾರ. ನಮ್ಮನಿಮ್ಮ ಮನೆಗಳಲ್ಲೂ ಅಷ್ಟೇ ತಾನೆ?

ಕೃಷ್ಣ ನಿಜವಾಗಲೂ ಅಂಬೆಗಾಲಿಟ್ಟಿದ್ದಾನೆ. ಕಪ್ಪು ಕಲ್ಲಿನ ತುಂಬು ಕೆನ್ನೆ, ಗುಂಗುರು ಕೂದಲು, ಒಂದು ಕೈಯಲ್ಲಿ ಬೆಣ್ಣೆ. ಮಂಡಿಯೂರಿ ಮುಂದಕ್ಕೆ ಬರುತ್ತಾ ಬರುತ್ತಾ ಯಾರೋ ಕರೆದರು ಅಂತ ತಲೆ ಎತ್ತಿದ ಹಾಗೆ ಇದೆ. ವ್ಯಾಸರಾಯರು ಪ್ರತಿಷ್ಠೆ ಮಾಡಿದ್ದು ಅಂತಲೂ, ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಈ ಮಗುವನ್ನು ನೋಡಿಯೇ ಅಂತಲೂ ಪ್ರತೀತಿ. ಸಂಗೀತ ಕಲಿತ ಹೆಣ್ಣುಮಕ್ಕಳು ಯಾರಾದರೂ ಬಂದರೆ ಅಲ್ಲಿ ನಿಂತು ಅದನ್ನೊಮ್ಮೆ ಹಾಡದೆ ಹೋಗುವುದಿಲ್ಲವಂತೆ. ನಾವು ಹೋದ ದಿನ ಯಾರೂ ಹಾಡಲಿಲ್ಲ. ಒಬ್ಬ ಹುಡುಗಿ, ಇಪ್ಪತ್ತೈದು ಇರಬಹುದು, ಗಂಡನ ಪಕ್ಕ ಕಣ್ಣು ಮುಚ್ಚಿ ನಿಂತಿದ್ದಳು. ಹರಕೆಯ ತೊಟ್ಟಿಲುಗಳು ಅಲ್ಲಿದ್ದವು, ಬೆರಳುದ್ದದ ಮರದವೇ ಹೆಚ್ಚು.

ಅಕ್ಕ ಚೀಲಕ್ಕೆ ಕೈ ಹಾಕಿದರು. ಹಳೇ ಅಭ್ಯಾಸದಂತೆ ನಾನು ಮುಖ ತಿರುಗಿಸಬೇಕು ಅನ್ನುವಷ್ಟರಲ್ಲಿ ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟು ತೆಗೆದರು. ಬಿಚ್ಚಿದರೆ ಬೆಳ್ಳಿ ತೊಟ್ಟಿಲು. ಇಟ್ಟೂ ಇಟ್ಟೂ ಕಪ್ಪಗಾಗಿತ್ತು.

"ಇದು ಯಾವಾಗ ಮಾಡಿಸಿದಿರಿ ಅಕ್ಕ?"

"ಅವನಿಗೆ ಕೆಲಸ ಸಿಕ್ಕಿದ ವರ್ಷ."

ಅಂದರೆ ಹದಿನಾರು ವರ್ಷ. ನಾನು ಏನು ಹೇಳಬೇಕೋ ತೋಚದೆ, "ನನಗೆ ಹೇಳಬಾರದಿತ್ತಾ? ನೀವು ನೊಂದ್ಕೋತೀರಿ ಅಂತ ನಾನು..." ಅಂದೆ.

"ಗೊತ್ತು ಕಣೇ. ನೀನು ನೊಂದ್ಕೋತೀಯ ಅಂತ ನಾನೂ ಸುಮ್ಮನಿದ್ದೆ. ಅತ್ತೆ ಕೇಳಿದ್ದು ಮನೇಲಿ ತೊಟ್ಟಿಲು ಕಟ್ಟಲಿ ಅಂತ. ಕಟ್ಟಲಿಲ್ವಾ? ದೇವರ ಸಾಲ ಇಟ್ಕೊಂಡು ನಾಳೆ ಇನ್ನೊಂದು ತೊಟ್ಟಿಲಿಗೆ ಹೇಗೆ ಕೈ ಹಾಕೋದು?"

ಅರ್ಚಕರು ಸಂಕಲ್ಪಕ್ಕೆ ಹೆಸರು, ನಕ್ಷತ್ರ ಕೇಳಿದರು. ಮಗನ ಹೆಸರು ಹೇಳಿದೆ. ನಕ್ಷತ್ರ ನೆನಪು ಮಾಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅಕ್ಕ "ಉತ್ತರಾಷಾಢ, ಮಕರ ರಾಶಿ" ಅಂದಾಗಿತ್ತು. ಪ್ರಸಾದದ ಬೆಣ್ಣೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಪ್ರಾಕಾರದ ಕಟ್ಟೆಯ ಮೇಲೆ ಸುಮಾರು ಹೊತ್ತು ಕೂತೆವು. ಮಾತೇನೂ ಆಡಲಿಲ್ಲ. ಅಕ್ಕ ಮಂಡಿ ನೀವಿಕೊಳ್ಳುತ್ತಿದ್ದರು. ಆಮೇಲೆ ಅವರೇ "ಏಳು, ಹೊಟ್ಟೆ ಹಸೀತಿದೆ" ಅಂದರು.

ನೀವೂ ಹೋಗುವುದಾದರೆ ಒಂದು ಮಾತು. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುತ್ತಾರೆ. ಆದ್ದರಿಂದ ಮೊದಲು ಮಳೂರು ನೋಡಿಕೊಂಡು ಆಮೇಲೆ ಚನ್ನಪಟ್ಟಣಕ್ಕೆ ಹಿಂತಿರುಗುವುದೇ ಸರಿ. ಆಟೋ ಸಿಗುತ್ತದೆ, ಕೆಂಪು ಬಸ್ಸೂ ಸಿಗುತ್ತದೆ. ನಾವು ಮತ್ತೆರಡು ಶೂನ್ಯ ಚೀಟಿ ಹರಿಸಿಕೊಂಡೆವು.

ಚನ್ನಪಟ್ಟಣದಲ್ಲಿ ಒಂದು ಚಿಕ್ಕ ಮೆಸ್ಸಿನಲ್ಲಿ ಊಟ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಸಾರು ಅಷ್ಟು ಚೆನ್ನಾಗಿತ್ತು ಅಂದರೆ ಅಕ್ಕ ಕೈ ತೊಳೆದವರೇ ಒಳಗೇ ಹೋಗಿಬಿಟ್ಟರು. ಆ ಹೆಣ್ಣುಮಗಳು ಗುಟ್ಟು ಮಾಡದೆ ಹೇಳಿದಳು. ಈರುಳ್ಳಿ, ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು ಆಮೇಲೆ ಸುಲಿಯುವುದು. ಅದಕ್ಕೆ ಮೆಣಸು, ಜೀರಿಗೆ, ಖಾರದ ಪುಡಿ, ಹುಣಸೆಹಣ್ಣು, ಬೆಂದ ಕಾಳು-ಸೊಪ್ಪು ಒಂದು ಹಿಡಿ ಹಾಕಿ ರುಬ್ಬುವುದು. ಬಸಿದ ಕಟ್ಟಿಗೆ ಸೇರಿಸಿ ಕುದಿಸಿ ಒಗ್ಗರಣೆ. ಕಾಯಿ ಹಾಕಲಿಲ್ಲ ಅನ್ನುವುದನ್ನು ಗಮನಿಸಿ. ಗ್ಯಾಸ್ ಒಲೆಯ ಮೇಲೆ ಜಾಲರಿ ಇಟ್ಟು ಸುಟ್ಟರೂ ಆಗುತ್ತದೆ, ನಾನು ಮನೆಗೆ ಬಂದು ಮಾಡಿ ನೋಡಿದೆ.

ಇನ್ನು ಬೊಂಬೆ. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಮೊದಲು ನುಗ್ಗಿ ಮೋಸ ಹೋಗುವುದರಲ್ಲಿದ್ದೆವು. ಗೊಂಬೆಗಳ ಸಾಲಿನ ಮಧ್ಯೆ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಸಾಮಾನು, ಪೈಂಟು ಬಳಿದ ಕುದುರೆ, ಎಲ್ಲಕ್ಕೂ "ಚನ್ನಪಟ್ಟಣದ್ದೇ ಅಮ್ಮ" ಅನ್ನುವ ಮಾತು. ಅಕ್ಕ ಒಂದು ಬುಗುರಿಯನ್ನು ಮೂಗಿಗೆ ಹಿಡಿದು "ಇದು ಪೈಂಟಿನ ವಾಸನೆ" ಅಂತ ಕೆಳಗಿಟ್ಟರು. ಬೊಂಬೆ ಮಾಡುವ ಜಾಗಕ್ಕೇ ಹೋಗೋಣ ಅಂತ ವಿಚಾರಿಸಿಕೊಂಡು ಓಣಿಯೊಳಗೆ ನಡೆದೆವು. ಕೆಲಸದ ಮನೆ ಹುಡುಕುವುದು ಕಷ್ಟವಿಲ್ಲ. ಲೇತಿನ ಗುಂಯ್‌ಗುಟ್ಟುವ ಸದ್ದನ್ನು ಹಿಡಿದು ಹೋದರೆ ಸಾಕು.

"ಬನ್ನಿ ಅಮ್ಮ, ಕೂತ್ಕೊಳ್ಳಿ" ಅಂತ ಒಬ್ಬ ಸಾಹೇಬರು ಮಣೆ ಕೊಟ್ಟರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಅದರ ಮೇಲೆ ಮರದ ಪುಡಿ. ನಾವು ಕೇಳುವ ಮೊದಲೇ ಕೆಲಸ ತೋರಿಸಿದರು. ಮರ ಆಲೆ ಮರ. ಹಗುರ, ಬಿಳುಪು, ನುಣುಪು. ಕಡಿದು ತಂದು ತಿಂಗಳುಗಟ್ಟಲೆ ಒಣಗಿಸಬೇಕು, ಇಲ್ಲದಿದ್ದರೆ ಆಮೇಲೆ ಬಿರಿಯುತ್ತದೆ. ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದರೆ ಹೂವಿನ ಎಸಳಿನ ಹಾಗೆ ಸಿಪ್ಪೆ ಹಾರುತ್ತದೆ. ನೋಡುನೋಡುತ್ತಿದ್ದಂತೆ ತುಂಡು ಗುಂಡಗಾಯಿತು, ಸೊಂಟ ಬಂತು, ತಲೆ ಬಂತು. ಆಮೇಲೆ ಬಣ್ಣ. ಇದೇ ನೋಡಬೇಕಾದದ್ದು. ಇಲ್ಲಿ ಕುಂಚವಿಲ್ಲ, ಡಬ್ಬಿ ಇಲ್ಲ. ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ, ಅಷ್ಟೆ. ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಮೇಲೆ ಒಣ ತಾಳೆಗರಿ ಒತ್ತಿ ಸವರಿದರೆ ಕನ್ನಡಿಯ ಹೊಳಪು. ಅರಿಶಿನದ ಹಳದಿ, ನೀಲಿ ಗಿಡದ ನೀಲಿ. "ಮಗು ಬಾಯಿಗೆ ಹಾಕ್ಕೊಂಡ್ರೂ ಏನೂ ಆಗಲ್ಲ ಅಮ್ಮ" ಅಂತ ಅವರು ಹೇಳಿದ್ದನ್ನು ಅಕ್ಕ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಈ ಕಸುಬನ್ನು ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಕಲಿಸಿದ ಅಂತ ಹೇಳುತ್ತಾರೆ. ಆಮೇಲೆ ಬಾವಾಸ್ ಮಿಯಾನ್ ಅನ್ನುವವರು ಜಪಾನಿನ ಕೆಲಸ ಕಲಿತು ಬಂದು ಇಲ್ಲಿಯವರಿಗೆ ಹೇಳಿಕೊಟ್ಟರಂತೆ. ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ಚನ್ನಪಟ್ಟಣದ ಬೊಂಬೆಗೆ ಜಿ.ಐ. ಮಾನ್ಯತೆ ಸಿಕ್ಕಿದೆ. ಅಂದರೆ ಬೇರೆ ಊರಿನವರು ಈ ಹೆಸರು ಹಾಕಿ ಮಾರುವ ಹಾಗಿಲ್ಲ. ಮಾರುತ್ತಾರೆ ಅನ್ನುವುದು ಬೇರೆ ಮಾತು.

ಒಳಮನೆಯಲ್ಲಿ ಇಬ್ಬರು ಹೆಂಗಸರು ಚಿಕ್ಕ ಲೇತುಗಳ ಮುಂದೆ ಮಣಿ ಕಡೆಯುತ್ತಿದ್ದರು. ಇಂತಿಷ್ಟು ಮಣಿಗೆ ಇಂತಿಷ್ಟು ಅಂತ ಕೂಲಿ. ಒಬ್ಬಾಕೆ ನನ್ನ ಕತ್ತಿನ ಸರ ನೋಡಿ ನಕ್ಕಳು. ಅದೂ ಬಣ್ಣದ ಮರದ ಮಣಿಯದೇ, ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಕೊಂಡದ್ದು. ಎಷ್ಟು ಕೊಟ್ಟಿರಿ ಅಂತ ಕೇಳಿದಳು. ಹೇಳಿದೆ. ಅವಳ ನಗು ಹೋಯಿತು. ಪಕ್ಕದವಳಿಗೆ ಉರ್ದುವಿನಲ್ಲಿ ಏನೋ ಅಂದು ಮತ್ತೆ ಕೆಲಸಕ್ಕೆ ತಲೆ ಬಗ್ಗಿಸಿದಳು. ನನಗೆ ಆ ಸರ ಕತ್ತಿಗೆ ಚುಚ್ಚಿದ ಹಾಗಾಯಿತು.

ವ್ಯಾಪಾರ ಹೇಗಿದೆ ಅಂತ ಸಾಹೇಬರನ್ನು ಕೇಳಿದೆ. "ಮೊದಲು ಮೈಸೂರಿಗೆ ಹೋಗೋ ಕಾರು, ಬಸ್ಸು ಎಲ್ಲಾ ನಮ್ಮೂರ ಒಳಗೇ ಹೋಗ್ತಿದ್ವು ಅಮ್ಮ. ಮಕ್ಕಳು ಕಿಟಕೀಲಿ ನೋಡಿ ಅಳೋವು, ಅಪ್ಪಂದಿರು ನಿಲ್ಲಿಸೋರು. ನಮ್ಮ ಹೊಟ್ಟೆ ತುಂಬ್ತಾ ಇದ್ದದ್ದು ಆ ಮಕ್ಕಳು ಅತ್ತಿದ್ದಕ್ಕೆ. ಈಗ ಹೊಸ ರಸ್ತೇಲಿ ಹೋಗೋ ಮಗೂಗೆ ಬೊಂಬೇನೇ ಕಾಣಲ್ಲ, ಯಾಕೆ ಅಳತ್ತೆ?" ಅಂದರು. ಅಂಗಡಿಗಳಲ್ಲಿ ಕೆಲವು ಬಾಗಿಲು ಹಾಕಿದ್ದನ್ನು ನಾವೂ ಬರುತ್ತಾ ನೋಡಿದ್ದೆವು. ಒಂದೂವರೆ ಗಂಟೆಯಲ್ಲಿ ಮೈಸೂರು ತಲುಪಿದ ನಮ್ಮವರ ನೆನಪಾಗಿ ಸುಮ್ಮನಾದೆ.

ಅಕ್ಕ ಮೊಮ್ಮಗಳಿಗೆ ಗಿಲಕಿ, ಹಿಡಿದುಕೊಂಡು ನಡೆಯಲು ಕಲಿಯುವ ಮೂರು ಗಾಲಿಯ ಗಾಡಿ, ಅಡಿಗೆ ಸಾಮಾನಿನ ಸೆಟ್ಟು ತೆಗೆದುಕೊಂಡರು. ಇನ್ನೂ ಹೆಸರೇ ಇಡದ ಮಗುವಿಗೆ ಒರಳುಕಲ್ಲು, ಬೀಸೋಕಲ್ಲು! ನಾನು ಚೌಕಾಸಿಗೆ ಬಾಯಿ ತೆಗೆದೆ. ಅಕ್ಕ ಕಾಲು ಒತ್ತಿದರು. ಮೈಸೂರು ಪೇಟೆಯಲ್ಲಿ ಕೊತ್ತಂಬರಿ ಕಟ್ಟಿಗೂ ಜಗ್ಗಾಡುವ ಅಕ್ಕ, ಇಲ್ಲಿ ಕೇಳಿದಷ್ಟು ಕೊಟ್ಟರು.

ಊರು ಹಳೆಯದು ಅಂತ ಹೇಳುವುದನ್ನೇ ಮರೆತೆ. ಹದಿನಾರನೇ ಶತಮಾನದ ಕೊನೆಯಲ್ಲಿ ಜಗದೇವರಾಯ ಎಂಬ ಪಾಳೆಯಗಾರ ಇಲ್ಲಿ ಕೋಟೆ ಕಟ್ಟಿ ರಾಜಧಾನಿ ಮಾಡಿಕೊಂಡಿದ್ದ. ಪೆನುಕೊಂಡೆಯನ್ನು ಶತ್ರುಗಳಿಂದ ಕಾಪಾಡಿದ್ದಕ್ಕೆ ವಿಜಯನಗರದ ಅರಸರು ಅವನಿಗೆ ಈ ಸೀಮೆ ಕೊಟ್ಟರು. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಗೆದ್ದುಕೊಂಡರು. ಹಳೇ ಗೆಜೆಟಿಯರಿನಲ್ಲಿ ಈ ಊರಿನ ಶುಕ್ರವಾರ ಪೇಟೆಯ ಬಗ್ಗೆ ಬರೆದಿದೆ. ಅರಗಿನ ಬೊಂಬೆಯ ಜೊತೆಗೆ ಗಾಜಿನ ಬಳೆಗೂ, ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿಗೂ ಇದು ಹೆಸರಾಗಿತ್ತಂತೆ. ಆಗೆಲ್ಲ ಎಷ್ಟು ಜನರ ವೀಣೆಯಲ್ಲಿ ಚನ್ನಪಟ್ಟಣ ನುಡಿಯುತ್ತಿತ್ತೋ! ಟಿಪ್ಪುವಿನ ಗುರು ಅಂತ ಹೇಳುವ ಅಕೀಲ್ ಷಾ ಖಾದ್ರಿಯವರ ದರ್ಗಾ ಇಲ್ಲೇ ಇದೆ. ಎಲ್ಲ ಜಾತಿಯ ಹೆಂಗಸರೂ ಮಕ್ಕಳಿಗೆ ತಾಯತ ಕಟ್ಟಿಸಲು ಹೋಗುತ್ತಾರೆ ಅಂತ ಆಟೋದವನು ಹೇಳಿದ. ಹೋಗೋಣವಾ ಅಂದೆ. ಅಕ್ಕನ ಮಂಡಿ ಅಷ್ಟು ಹೊತ್ತಿಗೆ ಬಾತುಕೊಂಡಿತ್ತು. ಆಟೋದಲ್ಲೇ ಕೂತು ಕೋಟೆಯ ಕಡೆ ಒಂದು ಸುತ್ತು ಹಾಕಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದೆವು. ಒಂದೇ ದಿನದಲ್ಲಿ ಎಲ್ಲ ಆಗುವುದಿಲ್ಲ.

ಸಂಜೆ ನಾಲ್ಕೂವರೆಯ ಬಸ್ಸು. ನಿಂತವರೇ ಜಾಸ್ತಿ. ಒಬ್ಬ ಕಾಲೇಜು ಹುಡುಗಿ ಅಕ್ಕನಿಗೆ ಸೀಟು ಬಿಟ್ಟುಕೊಟ್ಟಳು. ಬಸ್ಸು ಮಳೂರು ದಾಟುವಾಗ ನಾನು ಅಕ್ಕನನ್ನೇ ನೋಡುತ್ತಿದ್ದೆ. ಅವರು ಚೀಲದಲ್ಲಿ ಏನನ್ನೂ ಹುಡುಕಲಿಲ್ಲ. ಕಿಟಕಿಯ ಕಡೆ ತಿರುಗಿ ಕೈ ಮುಗಿದರು. ಮಡಿಲಲ್ಲಿದ್ದ ಗಿಲಕಿ ಜಾರಿ ಕೆಳಗೆ ಬಿತ್ತು, ಹಿಂದಿನ ಸೀಟಿನ ಮಗು ಅದನ್ನು ಎತ್ತಿಕೊಂಡು ಕೊಡಲೊಲ್ಲದೆ ರಂಪ ಮಾಡಿತು. ಅದರ ಅಮ್ಮ ಕಸಿದುಕೊಳ್ಳಲು ಹೋದಳು. "ಇರಲಿ ಬಿಡಮ್ಮ, ಆಡಿಕೊಳ್ಳಲಿ" ಅಂದ ಅಕ್ಕ ಮದ್ದೂರು ಬರುವವರೆಗೂ ಅದನ್ನು ಕೇಳಲಿಲ್ಲ. ಆ ಮಗು ಮದ್ದೂರಲ್ಲಿ ಇಳಿಯುವಾಗ ಗಿಲಕಿಯೂ ಅದರ ಜೊತೆಗೇ ಇಳಿಯಿತು.

ಮೈಸೂರು ತಲುಪಿದಾಗ ದೀಪ ಹಚ್ಚಿದ್ದರು. ನಮ್ಮವರು ಬಾಗಿಲಲ್ಲೇ, "ಇಡೀ ದಿನ ಆ ಊರಲ್ಲಿ ನೋಡೋದು ಏನಿತ್ತು?" ಅಂದರು. ಭಾವನವರು ಪೇಪರಿನಿಂದ ತಲೆ ಎತ್ತಿದರು. ಅಕ್ಕ ಚಪ್ಪಲಿ ಬಿಡುತ್ತಾ, "ಕೋಟೆ ಸರಿಯಾಗಿ ನೋಡಲಿಲ್ಲ, ದರ್ಗಾಕ್ಕೂ ಹೋಗಲಿಲ್ಲ, ಗಿಲಕಿ ಬೇರೆ ಇನ್ನೊಂದು ತಗೋಬೇಕು. ವಾಪಸ್ ಹೋಗುವಾಗಲೂ ಬಸ್ಸಲ್ಲೇ ಹೋಗ್ತೀವಿ" ಅಂದವರೇ ಮಗುವನ್ನು ನೋಡಲು ಒಳಗೆ ಹೋದರು.